ದೇವರನ್ನು ಮತಕ್ಕೆ ಹಾಕಿದ ದಿನ

1949ರ ಅಕ್ಟೋಬರ್ 17ರಂದು ನಮ್ಮ ಸಂವಿಧಾನ ರಚನಾ ಸಭೆಯಲ್ಲಿ ದೇವರ ಹೆಸರು ಮತಕ್ಕೆ ಬಿತ್ತು. ಪರವಾಗಿ ಎದ್ದ ಕೈಗಳು 41, ವಿರುದ್ಧವಾಗಿ 68. ಕನ್ನಡದಲ್ಲಿ ‘ಮತ’ ಎಂಬ ಒಂದೇ ಶಬ್ದ ಧರ್ಮಕ್ಕೂ ಸಲ್ಲುತ್ತದೆ, ಓಟಿಗೂ ಸಲ್ಲುತ್ತದೆ. ಆ ದಿನ ಶಬ್ದದ ಎರಡೂ ಅರ್ಥಗಳು ಒಂದೇ ಸಭಾಂಗಣದಲ್ಲಿ ಎದುರುಬದುರಾಗಿ ನಿಂತವು. ಈ ಪ್ರಸಂಗವನ್ನು ನೆನೆಯಲು ಕಾರಣವಿದೆ. ನಮ್ಮ ಸಂವಿಧಾನ ಶ್ರದ್ಧೆಯಿಲ್ಲದವರ ಕೃತಿ, ಈ ನೆಲದ ಧಾರ್ಮಿಕ ಪ್ರಜ್ಞೆಗೆ ಹೊರಗಿನದು ಎಂಬ ಮಾತು ಈಗ ವೇದಿಕೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿದೆ. ಆ ದಿನದ ಚರ್ಚೆಯನ್ನು ಓದಿದವರಿಗೆ ಈ ಮಾತು ನಿಲ್ಲುವುದಿಲ್ಲವೆಂದು ಹೊಳೆಯದಿರದು.

ತಿದ್ದುಪಡಿ ಸೂಚಿಸಿದವರು ಹರಿ ವಿಷ್ಣು ಕಾಮತರು. 1907ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಐ.ಸಿ.ಎಸ್. ಹುದ್ದೆಯನ್ನು 1938ರಲ್ಲಿ ತೊರೆದು, ಸುಭಾಷಚಂದ್ರ ಬೋಸರ ಬೆನ್ನಿಗೆ ನಿಂತು, ಮಧ್ಯಪ್ರಾಂತವನ್ನು ತಮ್ಮ ಕರ್ಮಭೂಮಿಯಾಗಿಸಿಕೊಂಡವರು. ಹುಟ್ಟೂರನ್ನು ಬಿಟ್ಟು ಬಂದ ನೆಲಕ್ಕೆ ನಿಷ್ಠೆಯಿಂದ ದುಡಿದ ಈ ಕರಾವಳಿಯ ಮನುಷ್ಯ, ಹೊರನಾಡಿನಲ್ಲಿ ಬಾಳುವ ನಮಗೆ ಅಪರಿಚಿತರಾಗಬಾರದು. ಪೀಠಿಕೆಯು ‘ಭಾರತದ ಜನತೆಯಾದ ನಾವು’ ಎಂದು ತೊಡಗುವ ಮೊದಲು ‘ದೇವರ ಹೆಸರಿನಲ್ಲಿ’ ಎಂಬ ಮಾತು ಇರಲಿ ಎಂಬುದು ಅವರ ಬೇಡಿಕೆ. ಗೀತೆಯ ಈಶ್ವರಾರ್ಪಣ ಭಾವದಿಂದ ಈ ಮಹಾಕಾರ್ಯವನ್ನು ಸಮರ್ಪಿಸೋಣ ಎಂದು ಅವರು ಕೇಳಿಕೊಂಡರು. ಅವರ ಪ್ರಾಮಾಣಿಕತೆಯನ್ನು ಯಾರೂ ಶಂಕಿಸಲಿಲ್ಲ.

ವಿರೋಧ ಬಂದದ್ದು ನಾಸ್ತಿಕರಿಂದಲ್ಲ ಎಂಬುದೇ ಇಲ್ಲಿ ಗಮನಿಸತಕ್ಕ ಅಂಶ. ದೇವರ ಬಗ್ಗೆ ಮತ ಚಲಾಯಿಸುವ ಮುಜುಗರಕ್ಕೆ ನಮ್ಮನ್ನು ದೂಡಬೇಡಿ ಎಂದು ಪೂರ್ಣಿಮಾ ಬ್ಯಾನರ್ಜಿಯವರು ವಿನಂತಿಸಿದರು. ಅಸ್ಸಾಮಿನ ರೋಹಿಣಿ ಕುಮಾರ ಚೌಧುರಿಯವರು, ಕಾಮಾಖ್ಯೆಯ ನಾಡಿನ ಶಾಕ್ತರಾದ ನಮಗೆ ದೇವಿಯ ಹೆಸರು ಬೇಕಲ್ಲವೇ ಎಂದು ಕೇಳಿದರು. ನಗೆಯ ಲೇಪವಿದ್ದರೂ ಪ್ರಶ್ನೆ ಹಗುರವಾದುದಲ್ಲ. ಒಂದು ಹೆಸರನ್ನು ಬರೆದೊಡನೆ ಬರೆಯದೆ ಉಳಿದ ಹೆಸರುಗಳು ಎದ್ದು ನಿಲ್ಲುತ್ತವೆ. ದೇವರ ಹೆಸರೆತ್ತುವಾಗಲೇ ನಾವು ಸಂಕುಚಿತ ಮನೋಭಾವವನ್ನು ತೋರುತ್ತಿದ್ದೇವೆ ಎಂಬುದು ಹೃದಯನಾಥ ಕುಂಜ್ರೂ ಅವರ ಆಕ್ಷೇಪ. ತಿರುವಾಂಕೂರಿನ ಪಟ್ಟಂ ತಾಣು ಪಿಳ್ಳೆಯವರ ವಾದ ಇನ್ನೂ ನೇರ: ಶ್ರದ್ಧೆಯ ವಿಷಯದಲ್ಲಿ ಬಲವಂತ ಸಲ್ಲದು.

ತಾಣು ಪಿಳ್ಳೆಯವರು ಯಾವ ನಾಡಿನಿಂದ ಬಂದವರೆಂಬುದನ್ನು ಓದುಗರು ನೆನೆಯಬೇಕು. 1750ರಲ್ಲಿ ಮಾರ್ತಾಂಡ ವರ್ಮ ತಿರುವಾಂಕೂರನ್ನೇ ಪದ್ಮನಾಭಸ್ವಾಮಿಯ ಪಾದಕ್ಕೆ ಅರ್ಪಿಸಿದ. ಅಲ್ಲಿಂದ ಮುಂದೆ ಒಡೆಯ ದೇವರು, ಅರಸ ಅವನ ದಾಸ. ಇಂಥ ಭಾವನೆ ನಮಗೂ ಹೊಸತಲ್ಲ. ವಿಜಯನಗರದ ಅರಸರು ಶಾಸನಗಳಿಗೆ ತಮ್ಮ ಹೆಸರಿನ ಬದಲು ‘ಶ್ರೀ ವಿರೂಪಾಕ್ಷ’ ಎಂದು ಅಂಕಿತ ಹಾಕುತ್ತಿದ್ದರು. ಅರಸನ ಅಹಂಕಾರಕ್ಕೆ ಇದಕ್ಕಿಂತ ಮಿಗಿಲಾದ ಔಷಧ ಉಂಟೇ ಎನ್ನಿಸುವುದು ಸಹಜ. ಆದರೆ ದೇವರೇ ಒಡೆಯನಾಗಿದ್ದ ಆ ರಾಜ್ಯದಲ್ಲಿ, ಅವನ ಪ್ರಜೆಗಳಲ್ಲೇ ಅಸಂಖ್ಯರಿಗೆ 1936ರವರೆಗೆ ಅವನ ಗುಡಿಯ ಬಾಗಿಲು ಮುಚ್ಚಿತ್ತು. ಜವಾಬ್ದಾರಿ ಸರ್ಕಾರ ಬೇಕೆಂದು 1938ರಲ್ಲಿ ಚಳವಳಿ ಹೂಡಿದ ತಾಣು ಪಿಳ್ಳೆಯವರು ಸೆರೆಮನೆ ಕಂಡರು. ಸಭೆಯಲ್ಲಿ ಅವರು ಈ ಇತಿಹಾಸವನ್ನು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ದೇವರ ಹೆಸರಿನಲ್ಲಿ ದಿವಾನ ಆಳುವಾಗ ಅಹವಾಲು ಯಾರ ಬಳಿಗೆ ಒಯ್ಯಬೇಕು?

ದೈವಪ್ರೇರಣೆಯಿಂದ ಸ್ಥಾಪಿತವಾದ ರಾಷ್ಟ್ರವೆಂದು ಅಮೆರಿಕವನ್ನು ಬಣ್ಣಿಸುವವರು ಇಂದಿಗೂ ಅನೇಕರಿದ್ದಾರೆ. 1776ರ ಸ್ವಾತಂತ್ರ್ಯ ಘೋಷಣೆಯಲ್ಲಿ ಸೃಷ್ಟಿಕರ್ತನ ಮಾತು ಬರುವುದು ನಿಜ. ಆದರೆ ಬಂಡಾಯ ಸಾರುವುದು ಒಂದು, ಆಳ್ವಿಕೆ ಕಟ್ಟುವುದು ಇನ್ನೊಂದು. 1787ರ ಬೇಸಿಗೆಯಲ್ಲಿ ಫಿಲಡೆಲ್ಫಿಯಾದ ಸಭೆ, ದೊಡ್ಡ ರಾಜ್ಯ ಸಣ್ಣ ರಾಜ್ಯಗಳ ಜಗಳದಲ್ಲಿ ಸಿಕ್ಕಿ ಮುರಿದು ಬೀಳುವಂತಾದಾಗ, 81 ವರ್ಷದ ಬೆಂಜಮಿನ್ ಫ್ರಾಂಕ್ಲಿನ್ ಜೂನ್ 28ರಂದು ಎದ್ದು, ಪ್ರತಿದಿನದ ಕಲಾಪ ಪ್ರಾರ್ಥನೆಯಿಂದ ತೊಡಗಲಿ ಎಂದು ಸೂಚಿಸಿದರು. ಈಗ ಪಾದ್ರಿಯನ್ನು ಕರೆಸಿದರೆ ಒಳಗೆ ಒಡಕು ಬಿದ್ದಿದೆಯೆಂದು ಹೊರಗಿನವರು ತಿಳಿದಾರೆಂದು ಕೆಲವರು ಅಂಜಿದರು. ಪಾದ್ರಿಗೆ ಕೊಡಲು ಹಣವಿಲ್ಲ ಎಂದರು ಇನ್ನೊಬ್ಬರು. ಮತವೇ ನಡೆಯದೆ ಸಭೆ ಚದುರಿತು. ಕೊನೆಗೆ ಸಿದ್ಧವಾದ ಸಂವಿಧಾನದಲ್ಲಿ, ತಾರೀಖು ಬರೆಯುವ ರೂಢಿಯ ಮಾತೊಂದನ್ನು ಬಿಟ್ಟರೆ, ದೇವರ ಉಲ್ಲೇಖವಿಲ್ಲ. ಯಾವ ಸರ್ಕಾರಿ ಹುದ್ದೆಗೂ ಧರ್ಮದ ಪರೀಕ್ಷೆ ಕೂಡದೆಂಬ ನಿಯಮ ಮಾತ್ರ ಇದೆ.

ಅಮೆರಿಕದ ನೆಲದಲ್ಲಿಯೇ ಸರ್ವಶಕ್ತನಾದ ದೇವರ ಕೃಪೆಯನ್ನೂ ಮಾರ್ಗದರ್ಶನವನ್ನೂ ಪೀಠಿಕೆಯಲ್ಲಿ ಬೇಡಿಕೊಂಡ ಸಂವಿಧಾನವೂ ಒಂದಿತ್ತು. ಅದು 1861ರಲ್ಲಿ ಒಕ್ಕೂಟದಿಂದ ಸಿಡಿದುಹೋದ ದಕ್ಷಿಣದ ರಾಜ್ಯಗಳದು. ಗುಲಾಮರ ಮೇಲಿನ ಒಡೆತನವನ್ನು ಕುಂದಿಸುವ ಕಾನೂನು ಕೂಡದೆಂದು ಅದೇ ಸಂವಿಧಾನ ವಿಧಿಸಿತ್ತು. ಮೊದಲ ಸಾಲಿನಲ್ಲಿ ದೇವರನ್ನು ಕೂರಿಸಿದ ಮಾತ್ರಕ್ಕೆ ಮುಂದಿನ ಸಾಲುಗಳು ಪವಿತ್ರವಾಗುವುದಿಲ್ಲ.

ಇತ್ತ ನಮ್ಮ ನೆರೆಯಲ್ಲಿ, ದೆಹಲಿಯ ಚರ್ಚೆಗೆ ಏಳು ತಿಂಗಳ ಹಿಂದೆ, 1949ರ ಮಾರ್ಚ್ 12ರಂದು ಪಾಕಿಸ್ತಾನದ ಸಂವಿಧಾನ ಸಭೆ ತನ್ನ ಧ್ಯೇಯ ನಿರ್ಣಯವನ್ನು ಅಂಗೀಕರಿಸಿತು. ಸಾರ್ವಭೌಮತ್ವ ಅಲ್ಲಾಹನದೇ ಎಂದು ಅದು ಸಾರಿತು. ಅಲ್ಪಸಂಖ್ಯಾತರಿಗೆ ರಕ್ಷಣೆಯ ಭರವಸೆಯೂ ಅದರಲ್ಲಿತ್ತು. ಆದರೆ ಪೂರ್ವ ಬಂಗಾಳದ ಹಿಂದೂ ಸದಸ್ಯರು ತಂದ ತಿದ್ದುಪಡಿಗಳೆಲ್ಲ ಬಿದ್ದುಹೋದವು. ಪೀಠಿಕೆಯ ಮಾತಾಗಿದ್ದ ಆ ನಿರ್ಣಯವನ್ನು 1985ರಲ್ಲಿ ಸಂವಿಧಾನದ ಒಡಲಿಗೇ ಸೇರಿಸಿದವನು ಜನರಿಂದ ಆಯ್ಕೆಯಾಗದ ಸೇನಾಧಿಪತಿ ಜಿಯಾ ಉಲ್ ಹಕ್. ದೇವರ ಸಾರ್ವಭೌಮತ್ವ ಕಡೆಗೆ ಯಾರ ಕೈಯ ಆಯುಧವಾಗುತ್ತದೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಇಷ್ಟಾದರೂ ಕಾಮತರ ಆತಂಕವನ್ನು ತಳ್ಳಿಹಾಕಲಾಗದು. ಜನತೆಯೇ ಪರಮಾಧಿಕಾರಿ ಎಂದಾಗ ಜನತೆಯ ಮೇಲೆ ಯಾರು? ಬಹುಮತ ಮದವೇರಿದಾಗ ಅದನ್ನು ತಡೆಯುವುದು ಯಾವುದು? ಭಕ್ತನಿಗೆ ಇದಕ್ಕೆ ಸಿದ್ಧ ಉತ್ತರವಿದೆ. ಸಂವಿಧಾನವೂ ಉತ್ತರ ಕೊಡುತ್ತದೆ, ಬೇರೆ ಬಗೆಯಲ್ಲಿ. ಮೂಲಭೂತ ಹಕ್ಕುಗಳು, ನ್ಯಾಯಾಲಯ, ಅವಧಿಗೊಮ್ಮೆ ಬರುವ ಚುನಾವಣೆ ಇವೆಲ್ಲ ಅಧಿಕಾರಕ್ಕೆ ವಿನಯ ಕಲಿಸುವ ಏರ್ಪಾಡುಗಳು. 1949ರ ನವೆಂಬರ್ 25ರಂದು ಅಂಬೇಡ್ಕರರು ಎಚ್ಚರಿಸಿದ್ದೂ ಇದನ್ನೇ: ಧರ್ಮದಲ್ಲಿ ಭಕ್ತಿ ಮುಕ್ತಿಯ ದಾರಿಯಾದೀತು, ರಾಜಕಾರಣದಲ್ಲಿ ಅದು ಅಧಃಪತನದ ಹಾಗೂ ಸರ್ವಾಧಿಕಾರದ ದಾರಿ.

ಹಾಗೆಂದು ದೇವರನ್ನು ಸಂವಿಧಾನದಿಂದ ಹೊರಗಟ್ಟಿದರೇ? ಇಲ್ಲ. ಮೂರನೆಯ ಅನುಸೂಚಿಯನ್ನು ತೆರೆದು ನೋಡಿ. ಅಧಿಕಾರ ವಹಿಸುವವನು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೇ ಸತ್ಯನಿಷ್ಠೆಯಿಂದ ಪ್ರತಿಜ್ಞೆ ಮಾಡಬಹುದು. ಪ್ರಮಾಣವಚನದಲ್ಲಿ ದೇವರ ಹೆಸರಿಗೆ ಎಡೆ ಇರಬೇಕೆಂದು ಶ್ರಮಿಸಿದವರಲ್ಲಿ ಕಾಮತರೂ ಒಬ್ಬರು. ಪೀಠಿಕೆಯಲ್ಲಿ ಸೋತ ದೇವರು ಪ್ರಮಾಣವಚನದಲ್ಲಿ ಉಳಿದಿರುವುದರ ಮರ್ಮ ಇಷ್ಟೇ: ಎಲ್ಲರ ಪರವಾಗಿ ಆಡುವ ಮಾತಿನಲ್ಲಿ ಒಬ್ಬರ ಶ್ರದ್ಧೆಯನ್ನು ಹೇರಲಾಗದು, ತನ್ನ ಪರವಾಗಿ ಆಡುವ ಮಾತಿನಲ್ಲಿ ಯಾರ ಶ್ರದ್ಧೆಗೂ ಅಡ್ಡಿಯಿಲ್ಲ.

ಈ ವಿವೇಚನೆ ಇಂದು ಮಾಸುತ್ತಿದೆ. ತಮ್ಮನ್ನು ಪರಮಾತ್ಮನೇ ಒಂದು ಕಾರ್ಯಕ್ಕಾಗಿ ಕಳುಹಿಸಿದ್ದಾನೆಂಬ ನಂಬಿಕೆಯನ್ನು ನಮ್ಮ ಪ್ರಧಾನಿ ನರೇಂದ್ರ ಮೋದಿಯವರು 2024ರ ಚುನಾವಣೆಯ ಸಮಯದಲ್ಲಿ ಸಂದರ್ಶನವೊಂದರಲ್ಲಿ ಹೇಳಿಕೊಂಡರು. ಅಮೆರಿಕವನ್ನು ಮತ್ತೆ ದೊಡ್ಡದಾಗಿಸಲೆಂದೇ ದೇವರು ತಮ್ಮನ್ನು ಬದುಕಿಸಿದನೆಂದು ಡೊನಾಲ್ಡ್ ಟ್ರಂಪ್ 2025ರ ಜನವರಿ 20ರ ಪದಗ್ರಹಣ ಭಾಷಣದಲ್ಲಿ ಸಾರಿದರು. ಯಾರ ಅಂತರಂಗದ ನಂಬಿಕೆಯನ್ನೂ ಗೇಲಿ ಮಾಡುವುದು ಸಭ್ಯತೆಯಲ್ಲ. ಆದರೆ ಮತದಾರ ಕಳುಹಿಸಿದವನನ್ನು ಮತದಾರ ಹಿಂದಕ್ಕೆ ಕರೆಯಬಲ್ಲ. ದೇವರು ಕಳುಹಿಸಿದವನನ್ನು ಕರೆಯುವವರು ಯಾರು?

ಮುಂಬಯಿಯಲ್ಲೋ ಚೆನ್ನೈಯಲ್ಲೋ ಹಲವರ ನಡುವೆ ಕೆಲವರಾಗಿ ಬಾಳುವ ನಮಗೆ ಇದು ಪುಸ್ತಕದ ಪ್ರಶ್ನೆಯಲ್ಲ. ಎಲ್ಲರ ಹೆಸರಿನಲ್ಲಿ ಆಡಿದ ಮಾತಿನೊಳಗೆ ನಾವೂ ಇದ್ದೇವೆಯೇ ಎಂದು ತಡೆದು ನೋಡುವ ಅಭ್ಯಾಸ ಹೊರನಾಡಿನ ಬಾಳು ಕಲಿಸಿದ್ದು. ಅಂದು ವಿರುದ್ಧವಾಗಿ ಎದ್ದ 68 ಕೈಗಳಲ್ಲಿ ಸಂಜೆ ಮನೆಯ ದೇವರಿಗೆ ಮುಗಿದ ಕೈಗಳು ಎಷ್ಟೋ ಇದ್ದಿರಬೇಕು. ದೇವರಿಗೆ ಸರ್ಕಾರದ ಮೊಹರು ಬೇಡ, ಸರ್ಕಾರಕ್ಕೆ ದೇವರ ಮೊಹರು ಕೂಡದು ಎಂದು ಅವರು ಬಗೆದದ್ದು ಶ್ರದ್ಧೆಯ ಕೊರತೆಯಿಂದಲ್ಲ, ಅದರ ಮೇಲಿನ ಗೌರವದಿಂದ.