ಎರಡು ನುಡಿ, ಎರಡು ನಡೆ

ಎರಡು ಭಾಷೆಗಳನ್ನಾಡುವವನ ಸಂಸ್ಕೃತಿಯು ಇಬ್ಭಾಗವಾಗುವುದೆಂದು ಶಂಕಿಸುವವರು ನಮ್ಮಲ್ಲಿ ಅನೇಕರಿರುವರು. ಈ ಶಂಕೆಗೆ ನಮ್ಮ ಸಾಹಿತ್ಯವೇ ತಕ್ಕ ಸಮಾಧಾನವನ್ನು ಹೇಳುತ್ತದೆ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಗಿರೀಶ ಕಾರ್ನಾಡರದು ಕೊಂಕಣಿ. ಕ್ರಮವಾಗಿ 1973, 1983, 1998ನೆಯ ಇಸವಿಗಳ ಜ್ಞಾನಪೀಠ ಪ್ರಶಸ್ತಿಗಳನ್ನು ಕನ್ನಡಕ್ಕೆ ತಂದವರು ಈ ಮೂವರೇ. ಮನೆಯ ನುಡಿಯು ಅವರ ಕನ್ನಡತನಕ್ಕೆ ಅಡ್ಡಿಯಾಗಲಿಲ್ಲ.

ಆದರೂ ನುಡಿ ಬದಲಾದೊಡನೆ ನಡೆಯೂ ಬದಲಾಗುವುದೆಂಬ ಮಾತು ಸುಳ್ಳಲ್ಲ. ಕನ್ನಡದಲ್ಲಿ ಒಬ್ಬರನ್ನು ಮಾತನಾಡಿಸಬೇಕಾದರೆ ‘ನೀನು’ ಎನ್ನಬೇಕೋ ‘ನೀವು’ ಎನ್ನಬೇಕೋ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಮರಾಠಿ, ತಮಿಳು, ಕೊಂಕಣಿಗಳಲ್ಲಿಯೂ ಈ ಮರ್ಯಾದೆಯುಂಟು. ಇಂಗ್ಲಿಷಿನಲ್ಲಾದರೋ ಎಲ್ಲರಿಗೂ ‘ಯೂ’ ಎಂಬುದೊಂದೇ ಶಬ್ದ. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಮೂವರೂ ಅಲ್ಲಿ ‘ಅಂಕಲ್’ ಆಗಿಬಿಡುವರು. ಇದರಿಂದ ಸಂಬಂಧದ ಸೂಕ್ಷ್ಮವು ಮರೆಯಾಗುವುದು ನಿಜ. ಹಿರಿಯರೆದುರಿಗೆ ಕನ್ನಡದಲ್ಲಿ ಅಳುಕುವ ತರುಣನಿಗೆ ತನ್ನ ಅಭಿಪ್ರಾಯವನ್ನು ತಿಳಿಸುವ ಧೈರ್ಯವು ಬರುವುದೂ ಅಷ್ಟೇ ನಿಜ. ಆ ಗುಣವನ್ನು ನಾವು ಸ್ವೀಕರಿಸಬೇಕಾದುದೇ ನ್ಯಾಯ.

ಹಾಗಾದರೆ ಕೇಡು ಎಲ್ಲಿದೆ? ನಮ್ಮ ಕಚೇರಿಗಳಲ್ಲಿ ಕಣ್ಣು ಹಾಯಿಸಿದರೆ ಸಾಕು. ಮೇಲಧಿಕಾರಿಯೊಡನೆ ವಂದನೆ, ವಿನಯಗಳೆಲ್ಲವನ್ನೂ ಇಂಗ್ಲಿಷಿನಲ್ಲಿ ಸಲ್ಲಿಸುವ ಅಧಿಕಾರಿಯು, ಪಹಣಿಗಾಗಿ ಬಂದು ನಿಂತ ಮುದಿರೈತನ ಕಡೆಗೆ ತಿರುಗಿ, ‘ಏನಯ್ಯಾ, ನಾಳೆ ಬಾ’ ಎಂದು ಗದರುವನು. ‘ನೀವು’ ಎಂಬ ಶಬ್ದವು ಕನ್ನಡದಲ್ಲಿ ಇಲ್ಲದೆ ಹೋಯಿತೆ? ಮನೆಗಳಲ್ಲಿಯೂ ಇದೇ ರೀತಿ: ಅತಿಥಿಗಳಿಗೆ ಇಂಗ್ಲಿಷು, ಕೆಲಸದವರಿಗೆ ಕನ್ನಡ. ಇದನ್ನು ಕಂಡು ಬೆಳೆಯುವ ಮಗುವು ಒಂದು ನುಡಿಯು ಮನ್ನಣೆಗೆ, ಇನ್ನೊಂದು ಅಪ್ಪಣೆಗೆ ಎಂದು ತಿಳಿದರೆ ಆಶ್ಚರ್ಯವೇನು? ದೋಷವು ಇಂಗ್ಲಿಷಿನದಲ್ಲ, ಎರಡು ಭಾಷೆಗಳನ್ನು ಕಲಿತುದರಲ್ಲಿಯೂ ಇಲ್ಲ. ಅವುಗಳಲ್ಲಿ ನಾವು ಮಾಡಿರುವ ಪಂಕ್ತಿಭೇದದಲ್ಲಿದೆ.

1963ರ ಕಾಯಿದೆಯು ಕನ್ನಡವನ್ನು ರಾಜ್ಯದ ಆಡಳಿತ ಭಾಷೆಯನ್ನಾಗಿ ಮಾಡಿತು. ಕಾಯಿದೆಯು ಭಾಷೆಯನ್ನು ಕಡತಕ್ಕೆ ತರಬಲ್ಲುದು. ಸೌಜನ್ಯವನ್ನು ನಾಲಗೆಗೆ ತರಲಾರದು. ಆದುದರಿಂದ ಅಧಿಕಾರಿವರ್ಗದವರಲ್ಲಿ ನಮ್ಮ ವಿಜ್ಞಾಪನೆಯಿಷ್ಟೇ: ಬಡ ಅರ್ಜಿದಾರನನ್ನೂ ‘ಬನ್ನಿ, ಕುಳಿತುಕೊಳ್ಳಿ’ ಎಂದು ಕರೆಯಿರಿ. ತಂದೆತಾಯಿಗಳೂ ಮಕ್ಕಳಿಗೆ ಎರಡು ನುಡಿಗಳನ್ನು ಧಾರಾಳವಾಗಿ ಕಲಿಸಲಿ. ಆದರೆ ಗೌರವವನ್ನು ಎರಡರಲ್ಲಿಯೂ ಕಲಿಸಲಿ. ಪರರ ಆಳಿಕೆಯು 1947ರಲ್ಲಿ ಕೊನೆಗಂಡಿತು. ಅದು ನಮ್ಮ ನಾಲಗೆಯ ಮೇಲೆ ಬಿಟ್ಟುಹೋದ ದರ್ಪವನ್ನು ಕೊನೆಗಾಣಿಸುವ ಭಾರವು ನಮ್ಮದೇ.