ಊರಿನ ನೆಲ ಮತ್ತು ಪುರಸಭೆಯ ಸರತಿ

ಪುರಸಭೆಯ ಸಾಮಾನ್ಯ ಸಭೆಯಲ್ಲಿ ಏನು ನಡೆಯಿತೆಂದು ವಿಚಾರಿಸುವ ರೂಢಿ ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಅಷ್ಟಾಗಿ ಇಲ್ಲ. ವಿಧಾನಸಭಾ ಚುನಾವಣೆಯ ಬಗ್ಗೆ ತಾಸುಗಟ್ಟಲೆ ಚರ್ಚಿಸುವವರೂ ತಮ್ಮ ಓಣಿಯ ಸದಸ್ಯರು ಯಾವ ಠರಾವಿಗೆ ಕೈಯೆತ್ತಿದರೆಂದು ಕೇಳುವುದಿಲ್ಲ. ಸಮುದಾಯವಾಗಿ ನಾವು ಪುರಸಭೆಯ ಮೆಟ್ಟಿಲು ಹತ್ತುವುದು ಹೆಚ್ಚಾಗಿ ಒಂದೇ ಕಾರಣಕ್ಕೆ, ಸ್ಮಶಾನದ ಜಾಗಕ್ಕಾಗಿ. ತೀರಿಹೋದವರಿಗೆ ಆರಡಿ ನೆಲ ಕೇಳಲು ಒಟ್ಟಾಗಿ ಹೋಗುವ ನಾವು ಬದುಕಿರುವವರ ನೆಲದ ವಿಷಯದಲ್ಲಿ ಒಬ್ಬೊಬ್ಬರಾಗಿ, ಅದೂ ಮಧ್ಯವರ್ತಿಗಳ ಬೆನ್ನ ಹಿಂದೆ, ಹೋಗುತ್ತೇವೆ.

ನಿವೇಶನ, ರಸ್ತೆ, ಈಗೀಗ ವಿದ್ಯುತ್ ವಾಹನಗಳ ಚಾರ್ಜಿಂಗ್ ಕೇಂದ್ರ, ಇವು ಸ್ಥಳೀಯ ಸಂಸ್ಥೆಗಳ ಕಾರ್ಯಸೂಚಿಯಲ್ಲಿ ಮೂರು ಬೇರೆ ಬೇರೆ ವಿಷಯಗಳಾಗಿ ಕಾಣಿಸಿಕೊಳ್ಳುತ್ತವೆ. ಮೂಲದಲ್ಲಿ ಮೂರೂ ಒಂದೇ ಪ್ರಶ್ನೆ. ಊರಿಗೆ ಸೇರಿದ ನೆಲವನ್ನು ಯಾರಿಗಾಗಿ, ಯಾವ ಸರತಿಯಲ್ಲಿ ಬಳಸಬೇಕು? ಸಂವಿಧಾನದ 74ನೆಯ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದಾಗ ಹನ್ನೆರಡನೆಯ ಅನುಸೂಚಿಯಲ್ಲಿ 18 ವಿಷಯಗಳನ್ನು ನಗರ ಸ್ಥಳೀಯ ಸಂಸ್ಥೆಗಳಿಗಾಗಿ ಪಟ್ಟಿಮಾಡಲಾಯಿತು. ನಗರ ಯೋಜನೆ, ಭೂಬಳಕೆಯ ನಿಯಂತ್ರಣ, ರಸ್ತೆ ಮತ್ತು ಸೇತುವೆ, ಕೊಳೆಗೇರಿಗಳ ಸುಧಾರಣೆ, ವಾಹನ ನಿಲುಗಡೆಯ ಸ್ಥಳ ಎಲ್ಲವೂ ಅದರಲ್ಲಿವೆ. ಆದರೆ ಪಟ್ಟಿ ಬೇರೆ, ಅಧಿಕಾರ ಬೇರೆ. ಬಡವರ ನಿವೇಶನದ ಫಲಾನುಭವಿಗಳನ್ನು ಆರಿಸುವ ಆಶ್ರಯ ಸಮಿತಿಗೆ ಅಧ್ಯಕ್ಷರು ಶಾಸಕರು. ಬಡಾವಣೆಯ ನಕ್ಷೆಗೆ ಒಪ್ಪಿಗೆ ನೀಡುವುದು ಯೋಜನಾ ಪ್ರಾಧಿಕಾರ. ವಿದ್ಯುತ್ತು ಹೆಸ್ಕಾಂ ಕೈಯಲ್ಲಿ. ಸಿಂದಗಿಯ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 50 ಕೇಂದ್ರದ ಕೈಯಲ್ಲಿ. ಪುರಸಭೆಗೆ ಉಳಿಯುವುದು ತನ್ನ ಸ್ವಂತ ಜಾಗ, ಓಣಿಯ ರಸ್ತೆ, ಗಟಾರ ಮತ್ತು ಉತಾರ. ಅಲ್ಪವೆಂದು ತೋರುವ ಈ ನಾಲ್ಕರಲ್ಲಿಯೇ ಬಡ ಕುಟುಂಬದ ಬದುಕು ಸಿಕ್ಕಿಕೊಂಡಿದೆ ಎಂಬುದನ್ನು ಮರೆಯುವಂತಿಲ್ಲ.

ವಸತಿಯ ವಿಷಯವನ್ನೇ ನೋಡೋಣ. ಆಶ್ರಯ ಯೋಜನೆ 1991-92ರಲ್ಲಿ ಆರಂಭವಾಯಿತು. 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಸ್ಥಾಪನೆಯಾಯಿತು. 2015ರ ಜೂನ್‌ನಲ್ಲಿ ಪ್ರಧಾನಮಂತ್ರಿ ಆವಾಸ್ ನಗರ ಯೋಜನೆ, 2024ರಲ್ಲಿ ಅದರ ಎರಡನೆಯ ಆವೃತ್ತಿ ಬಂದವು. ಇವೆಲ್ಲವೂ ಬಹುಮಟ್ಟಿಗೆ ಹಣದ ಯೋಜನೆಗಳು. ಸ್ವಂತ ಜಾಗವಿದ್ದವರು ಮನೆ ಕಟ್ಟಿಕೊಳ್ಳಲು ನೆರವು ದೊರೆಯುತ್ತದೆ. ಜಾಗವೇ ಇಲ್ಲದವರ ಅರ್ಜಿ ಮೊದಲ ಮೇಜಿನಲ್ಲಿಯೇ ನಿಂತುಹೋಗುತ್ತದೆ. ಹೀಗಾಗಿ ಗೋವೆಗೋ ಪುಣೆಗೋ ಗುಳೆ ಹೋಗಿ ದುಡಿದು ನಾಲ್ಕು ಕಾಸು ಉಳಿಸಿದ ಕುಟುಂಬ ಊರ ಅಂಚಿನ ಹೊಲದಲ್ಲಿ ಒಂದು ತುಂಡು ನೆಲ ಕೊಳ್ಳುತ್ತದೆ. ಆ ಹೊಲ ಬಿನ್‌ಶೇತ್ಕಿ ಆಗಿರುವುದಿಲ್ಲ, ನಕ್ಷೆಗೆ ಮಂಜೂರಾತಿ ಇರುವುದಿಲ್ಲ, ವ್ಯವಹಾರ ಬಾಂಡ್ ಪೇಪರಿನ ಮೇಲೆ ಮುಗಿದಿರುತ್ತದೆ. ಮಾರಿದವರು ಹಣ ಎಣಿಸಿಕೊಂಡು ಹೋಗುತ್ತಾರೆ. ಕೊಂಡವರು ಪತ್ರಾಸ್ ಹೊದಿಸಿ, ಆ ಕಾಗದವನ್ನು ಟ್ರಂಕಿನಲ್ಲಿಟ್ಟು, ಇದೇ ಹಕ್ಕುಪತ್ರವೆಂದು ನಂಬಿ ಮಲಗುತ್ತಾರೆ. ಇಂತಹ ಕಾಗದ ಹಿಡಿದು ನನ್ನಲ್ಲಿಗೆ ಬರುವವರು ಕೇಳುವುದು ಒಂದೇ ಮಾತು, "ಇದು ನಡೀತದೋ ಇಲ್ಲೋ ಹೇಳ್ರಿ ಫಾದರ್." ದರ್ಶನಶಾಸ್ತ್ರದ ತರಗತಿಯಲ್ಲಿ ಇರುವಿಕೆಯ ಸ್ವರೂಪದ ಬಗ್ಗೆ ವರ್ಷಗಟ್ಟಲೆ ಓದಿದವನಿಗೂ ಈ ಪ್ರಶ್ನೆಗೆ ಉತ್ತರ ಹೇಳುವುದು ಸುಲಭವಲ್ಲ. ಮನೆ ಇದೆ, ಒಲೆ ಉರಿಯುತ್ತಿದೆ, ಮಕ್ಕಳು ಅಲ್ಲಿಂದಲೇ ಶಾಲೆಗೆ ಹೋಗುತ್ತಾರೆ. ಆದರೆ ದಾಖಲೆಯಲ್ಲಿ ಆ ಮನೆ ಇಲ್ಲ.

ಅಕ್ರಮವನ್ನು ಸಕ್ರಮಗೊಳಿಸುವ ರಾಜ್ಯದ ಯೋಜನೆಗೆ 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆಯಾಜ್ಞೆ ನೀಡಿತು. 2025ರ ಆರಂಭದಲ್ಲಿ ಸರ್ಕಾರ ಬಿ ಖಾತೆ ನೀಡುವ ಅಭಿಯಾನವನ್ನು ಪುರಸಭೆಗಳಿಗೂ ವಿಸ್ತರಿಸಿತು. ಬಿ ಖಾತೆ ಎಂಬುದು ತೆರಿಗೆ ಪಡೆಯಲು ಬರೆದುಕೊಳ್ಳುವ ದಾಖಲೆಯೇ ಹೊರತು ಬಡಾವಣೆಯ ದೋಷವನ್ನು ತೊಳೆದುಹಾಕುವ ತೀರ್ಥವಲ್ಲ. ಇದನ್ನು ಸ್ಪಷ್ಟವಾಗಿ ತಿಳಿದುಕೊಂಡು ಪಡೆಯುವುದು ಒಳ್ಳೆಯದು. ಈ ನಡುವೆ 2024ರ ಡಿಸೆಂಬರ್ 17ರಂದು ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪಿನಲ್ಲಿ, ಕಟ್ಟಡಕ್ಕೆ ಸ್ವಾಧೀನಾನುಭವ ಪತ್ರ ಇಲ್ಲದಿದ್ದರೆ ವಿದ್ಯುತ್ ಮತ್ತು ನೀರಿನ ಸಂಪರ್ಕ ಕೊಡಕೂಡದೆಂದು ನಿರ್ದೇಶಿಸಲಾಯಿತು. ನಗರಗಳ ಬಹುಮಹಡಿ ಅಕ್ರಮಗಳಿಗೆ ಕಡಿವಾಣ ಹಾಕಲು ಹೊರಟ ಆಜ್ಞೆಯ ಬಿಸಿ ಎರಡು ಕೋಣೆಯ ಮನೆಗಳಿಗೂ ತಟ್ಟಿತು. 1,200 ಚದರ ಅಡಿಯವರೆಗಿನ ನಿವೇಶನಗಳ ಸಣ್ಣ ಮನೆಗಳಿಗೆ ವಿನಾಯಿತಿ ನೀಡುವತ್ತ ರಾಜ್ಯ ಸರ್ಕಾರ 2025ರಲ್ಲಿ ಹೆಜ್ಜೆ ಇಟ್ಟಿದ್ದು ಸರಿಯಾದ ಕ್ರಮ. ಏಕೆಂದರೆ ಮೀಟರು ಇಲ್ಲದ ಮನೆಗೆ 2023ರಲ್ಲಿ ಬಂದ ಗೃಹಜ್ಯೋತಿಯ 200 ಯೂನಿಟ್ಟೂ ಇಲ್ಲ.

ಇದಕ್ಕಿಂತ ಕಠಿಣವಾದ ಸಂಗತಿ ಇನ್ನೊಂದಿದೆ. ಸ್ಥಳೀಯ ಸಂಸ್ಥೆಯೇ ಹಂಚಿದ ನಿವೇಶನವೂ ಕೆಲವೊಮ್ಮೆ ಸುರಕ್ಷಿತವಲ್ಲ. ಭೂಸ್ವಾಧೀನ ಕ್ರಮಬದ್ಧವಾಗಿ ಮುಗಿಯದ, ಮಾಲೀಕರಿಗೆ ಪರಿಹಾರ ಸಲ್ಲದ ನೆಲದ ಮೇಲೆ ಹಕ್ಕುಪತ್ರ ವಿತರಿಸಿದರೆ ಹತ್ತಿಪ್ಪತ್ತು ವರ್ಷಗಳ ಮೇಲೆ ನ್ಯಾಯಾಲಯ ಮಾಲೀಕರ ಪರ ತೀರ್ಪು ನೀಡಬಹುದು. ಅಂದು ವೇದಿಕೆಯ ಮೇಲೆ ಪತ್ರ ಹಂಚಿದವರು ಯಾರೂ ಇರುವುದಿಲ್ಲ. ಪತ್ರ ಹಿಡಿದವರು ಮಾತ್ರ ಬೀದಿಯಲ್ಲಿ ನಿಲ್ಲುತ್ತಾರೆ. ಆದ್ದರಿಂದ ಹಕ್ಕುಪತ್ರ ಕೈಗೆ ಬಂದಾಗ ಫೋಟೋ ತೆಗೆಸಿಕೊಳ್ಳುವುದಕ್ಕಿಂತ ಮೊದಲು ಆ ಸರ್ವೆ ನಂಬರಿನ ಪಹಣಿಯಲ್ಲಿ ಯಾರ ಹೆಸರಿದೆ ಎಂದು ನೋಡಬೇಕು. ಪುರಸಭೆಯ ಹೆಸರು ಇರಬೇಕಾದ ಕಾಲಂನಲ್ಲಿ ಬೇರೊಬ್ಬರ ಹೆಸರಿದ್ದರೆ ಅಂದೇ ಬರವಣಿಗೆಯಲ್ಲಿ ಕೇಳಬೇಕು.

ನ್ಯಾಯದಲ್ಲಿ ಎರಡು ಬಗೆಯುಂಟೆಂದು ಅರಿಸ್ಟಾಟಲನು ವಿಂಗಡಿಸಿದ್ದಾನೆ. ಒಂದು, ಕೊಡು-ಕೊಳ್ಳುವಲ್ಲಿ ಉಂಟಾದ ಅನ್ಯಾಯವನ್ನು ಸರಿಪಡಿಸುವುದು. ಇನ್ನೊಂದು, ಸಮುದಾಯದ ಸೊತ್ತನ್ನು ಹಂಚುವುದು. ನಮ್ಮ ಸ್ಥಳೀಯ ಆಡಳಿತಗಳು ಮೊದಲನೆಯದನ್ನು ಬಲ್ಲವು. ತೆರಿಗೆ ಬಾಕಿಯಿದ್ದರೆ ನೋಟೀಸು ತಪ್ಪದೆ ಬರುತ್ತದೆ. ಹಂಚಿಕೆಯ ನ್ಯಾಯವನ್ನು ಮಾತ್ರ ದಯೆಯ ಕಾರ್ಯವೆಂದು ಭಾವಿಸಿವೆ. ಸಂತ ಥಾಮಸ್ ಅಕ್ವಿನಾಸರು ಅರಿಸ್ಟಾಟಲನ ಜಾಡಿನಲ್ಲಿ ನಡೆದು, ಸೊತ್ತಿನ ಪಾಲನೆ ಖಾಸಗಿಯಾಗಿರಬಹುದು, ಅದರ ಬಳಕೆ ಮಾತ್ರ ಎಲ್ಲರ ಹಿತವನ್ನು ಮರೆಯಬಾರದೆಂದು ವಾದಿಸಿದರು. ಖಾಸಗಿ ಸೊತ್ತಿಗೇ ಈ ಕಟ್ಟುಪಾಡು ಇರುವಾಗ ಪುರಸಭೆಯ ಸೊತ್ತಿನ ಮಾತೇನು? ಜಗದ್ಗುರು ಹದಿಮೂರನೆಯ ಲಿಯೋ ಅವರು 1891ರಲ್ಲಿ ಖಾಸಗಿ ಆಸ್ತಿಯ ಹಕ್ಕನ್ನು ಎತ್ತಿಹಿಡಿದದ್ದೂ ದುಡಿಯುವವನು ತನ್ನದೆನ್ನುವ ತುಂಡು ನೆಲ ಹೊಂದುವಂತಾಗಲಿ ಎಂಬುದನ್ನು ಮುಂದಿಟ್ಟುಕೊಂಡೇ. ನಮ್ಮ ನೆರೆಯ ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ದಾಸೋಹದ ಕಲ್ಪನೆ ಬಲ್ಲವರಿಗೆ ಇದನ್ನು ರೋಮಿನಿಂದ ತರಿಸಿ ಹೇಳುವ ಅಗತ್ಯವೂ ಇಲ್ಲ.

ರಸ್ತೆಯ ವಿಷಯ ಸಂಕ್ಷೇಪವಾಗಿ. ನಮ್ಮದು ಎರೆ ಭೂಮಿ. ನೀರು ಕುಡಿದಾಗ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಇಂತಹ ಮಣ್ಣಿನ ಮೇಲೆ ಬುನಾದಿಯನ್ನು ಅಗೆದು ಗರಸು ತುಂಬಿ ಗಟ್ಟಿಮಾಡದೆ ಮೇಲೆ ಹೊದಿಸಿದ ಡಾಂಬರು ಎರಡು ಮಳೆಗಾಲ ಕಾಣುವುದು ಕಷ್ಟ. ಹಳೆಯ ರಸ್ತೆಯ ಮೇಲೆಯೇ ಕಾಂಕ್ರೀಟು ಸುರಿದರೆ ರಸ್ತೆ ಎತ್ತರವಾಗುತ್ತದೆ, ಮನೆಗಳ ಹೊಸ್ತಿಲು ತಗ್ಗಿಗೆ ಬೀಳುತ್ತದೆ, ಓಣಿಯ ನೀರು ಅಡುಗೆಮನೆಗೆ ಬರುತ್ತದೆ. ಮೊದಲು ಗಟಾರ, ಬಳಿಕ ನೀರಿನ ಪೈಪು, ಕೊನೆಗೆ ರಸ್ತೆ ಎಂಬ ಸರಳ ಕ್ರಮವನ್ನು ತಿರುವುಮುರುವು ಮಾಡಿದಾಗ ಒಂದೇ ಓಣಿಯನ್ನು ಮೂರು ಸಲ ಅಗೆಯಲಾಗುತ್ತದೆ. ಮೂರು ಸಲವೂ ಬಿಲ್ಲು ಆಗುತ್ತದೆ ಎಂಬುದನ್ನು ಹೇಳಬೇಕಾಗಿಲ್ಲ. ಹಣದ ಕೊರತೆ ನಿಜ. ನಂಜುಂಡಪ್ಪ ಸಮಿತಿ 2002ರಲ್ಲಿ ಸಿಂದಗಿಯನ್ನು ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಸೇರಿಸಿದ್ದರೂ, ಸಂವಿಧಾನದ 371 (ಜೆ) ವಿಧಿಯ ವಿಶೇಷ ಅನುದಾನ ನೆರೆಯ ಜೇವರ್ಗಿಗೆ ಉಂಟು, ನಮಗಿಲ್ಲ. ನಮ್ಮ ನಿಲ್ದಾಣಕ್ಕೆ ಬರುವ ಬಸ್ಸಿನ ಮೇಲೆ ಮಾತ್ರ ಕಲ್ಯಾಣ ಕರ್ನಾಟಕ ಎಂದು ಬರೆದಿರುತ್ತದೆ! ಕೊರತೆಯಿರುವ ಕಡೆಯಲ್ಲಿಯೇ ಸರತಿಯ ಪ್ರಶ್ನೆ ಹೆಚ್ಚು ಮಹತ್ವದ್ದು.

ಇನ್ನು ಚಾರ್ಜಿಂಗ್ ಕೇಂದ್ರ. ವಿದ್ಯುತ್ ವಾಹನಗಳಿಗಾಗಿ ಪ್ರತ್ಯೇಕ ನೀತಿ ರೂಪಿಸಿದ ಮೊದಲ ರಾಜ್ಯ ಕರ್ನಾಟಕ, 2017ರಲ್ಲಿ. 2024ರ ಹೊತ್ತಿಗೆ ರಾಜ್ಯದಲ್ಲಿ ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳು ಐದು ಸಾವಿರ ದಾಟಿದ್ದವು, ಅವುಗಳಲ್ಲಿ ಬಹುಪಾಲು ಬೆಂಗಳೂರು ನಗರ ಜಿಲ್ಲೆಯಲ್ಲಿ. ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಪಿಎಂ ಇ-ಡ್ರೈವ್ ಯೋಜನೆಯ 10,900 ಕೋಟಿ ರೂಪಾಯಿಗಳಲ್ಲಿ 2,000 ಕೋಟಿ ಚಾರ್ಜಿಂಗ್ ಸೌಕರ್ಯಕ್ಕೆ ಮೀಸಲು. ಹೆದ್ದಾರಿಯಲ್ಲಿ ಪ್ರತಿ 20 ಕಿಲೋಮೀಟರಿಗೊಂದು ಕೇಂದ್ರವಿರಬೇಕೆಂಬ ಮಾರ್ಗಸೂಚಿಯೂ ಇದೆ. ಆದ್ದರಿಂದ ವಿಜಯಪುರಕ್ಕೂ ಕಲಬುರ್ಗಿಗೂ ನಡುವೆ ಹೆದ್ದಾರಿಯ ಮೇಲಿರುವ ನಮ್ಮಂತಹ ಊರುಗಳಿಂದ ಜಾಗ ಕೇಳುವುದು ಸಹಜ. ನಾನು ಇದನ್ನು ವಿರೋಧಿಸುವವನಲ್ಲ. ಪೋಪ್ ಫ್ರಾನ್ಸಿಸರು 2015ರ 'ಲೌದಾತೋ ಸೀ' ವಿಶ್ವಪತ್ರದಲ್ಲಿ ವಸತಿಯ ಕೊರತೆಯನ್ನೂ ನಗರದ ವಾಹನಗಳ ಹೊಗೆಯನ್ನೂ ಒಂದರ ಬೆನ್ನಿಗೊಂದರಂತೆ ಒಂದೇ ಅಧ್ಯಾಯದಲ್ಲಿ ಚರ್ಚಿಸಿದ್ದಾರೆ. ಎರಡನ್ನೂ ಒಟ್ಟಿಗೇ ನೋಡಬೇಕೆಂಬುದಷ್ಟೇ ನನ್ನ ವಾದ.

ಲೆಕ್ಕ ಹಾಕಿ ನೋಡೋಣ. ಕೇಂದ್ರ ವಿದ್ಯುತ್ ಸಚಿವಾಲಯ 2022ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಸರ್ಕಾರಿ ನೆಲವನ್ನು ಚಾರ್ಜಿಂಗ್ ಕೇಂದ್ರಕ್ಕೆ ಕೊಟ್ಟಾಗ ನೆಲದ ಒಡೆತನದ ಸಂಸ್ಥೆಗೆ ಸಲ್ಲುವುದು ಯೂನಿಟ್ಟಿಗೆ ಒಂದು ರೂಪಾಯಿ, ಒಪ್ಪಂದದ ಅವಧಿ ಆರಂಭದಲ್ಲಿ 10 ವರ್ಷ. 30 ಕಿಲೋವ್ಯಾಟಿನ ಯಂತ್ರವೊಂದು ದಿನಕ್ಕೆ ಎರಡು ತಾಸು ಪೂರ್ಣವಾಗಿ ದುಡಿದರೆ 60 ಯೂನಿಟ್, ಅಂದರೆ ಪುರಸಭೆಗೆ 60 ರೂಪಾಯಿ, ತಿಂಗಳಿಗೆ 1,800. ಆ ಜಾಗ ಸಂತೆಯ ಮೈದಾನದ ಅಂಚಾಗಿದ್ದರೆ ಅಲ್ಲಿ ಕುಳಿತುಕೊಳ್ಳುವ ತರಕಾರಿ ಮಾರುವ ಹೆಣ್ಣುಮಕ್ಕಳಿಂದ ಬರುವ ಕರ ಎಷ್ಟು, ಅವರ ಮನೆಗಳಿಗೆ ಹೋಗುವ ಗಳಿಕೆ ಎಷ್ಟು ಎಂಬುದನ್ನೂ ಅದೇ ಹಾಳೆಯ ಮೇಲೆ ಬರೆಯಬೇಕು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಪಟ್ಟಣ ವ್ಯಾಪಾರ ಸಮಿತಿಯ ಮಾತು ಕೇಳದೆ ಅವರನ್ನು ಎಬ್ಬಿಸುವಂತೆಯೂ ಇಲ್ಲ.

ಯಾರ ವಾಹನಕ್ಕೆ ಎಂಬ ಪ್ರಶ್ನೆಯೂ ಉಂಟು. ವಿದ್ಯುತ್ ಸ್ಕೂಟರಿಗೆ ಬೇಕಾಗುವುದು ಸುಮಾರು ಮೂರು ಯೂನಿಟ್ಟು. ಮನೆಯ ಪ್ಲಗ್ಗಿನಲ್ಲಿ ರಾತ್ರಿ ಹಚ್ಚಿಟ್ಟರೆ ಬೆಳಗ್ಗೆ ಸಿದ್ಧ. ವೇಗದ ಚಾರ್ಜರು ಮುಖ್ಯವಾಗಿ ಕಾರುಗಳಿಗೆ. ಟಂಟಂ ಬಿಟ್ಟು ವಿದ್ಯುತ್ ಆಟೋ ಕೊಳ್ಳಬೇಕೆಂದಿರುವ ಚಾಲಕ ಬಾಡಿಗೆ ಮನೆಯಲ್ಲಿಯೋ ಉತಾರವಿಲ್ಲದ ಪ್ಲಾಟಿನಲ್ಲಿಯೋ ಇದ್ದರೆ ಅವನಿಗೆ ಮೀಟರೇ ದೊಡ್ಡ ಚಾರ್ಜಿಂಗ್ ಕೇಂದ್ರ. ಆಟೋದ ಸಾಲದ ಕಂತನ್ನು ದಿನದ ಗಳಿಕೆಯಿಂದ ಕಟ್ಟುವವನಿಗೆ ಇದು ಹೊಟ್ಟೆಯ ಪ್ರಶ್ನೆ. ಆದ್ದರಿಂದ ಪುರಸಭೆಗೆ ನಿಜವಾಗಿ ವಿದ್ಯುತ್ ವಾಹನಗಳ ಕಾಳಜಿಯಿದ್ದರೆ ಓಣಿಗಳ ಉತಾರದ ಕೆಲಸವನ್ನು ಮೊದಲು ಮುಗಿಸಬೇಕು. ಚಾರ್ಜರು ನಿಲ್ಲಿಸಲು ಬಸ್ ನಿಲ್ದಾಣದ ಆವರಣ, ಸರ್ಕಾರಿ ಕಚೇರಿಗಳ ವಾಹನ ನಿಲುಗಡೆ, ಹೆದ್ದಾರಿಯ ಪೆಟ್ರೋಲ್ ಬಂಕುಗಳು ಇವೆ. ಬಡಾವಣೆಗಳಲ್ಲಿ ಉದ್ಯಾನಕ್ಕೂ ಶಾಲೆಗೂ ಬಿಟ್ಟ ಜಾಗ, ಸಂತೆಯ ಜಾಗ, ನಿವೇಶನಕ್ಕಾಗಿ ಗುರುತಿಸಿದ ಜಾಗ ಇವುಗಳನ್ನು ಮುಟ್ಟಬಾರದು.

ವಿದ್ಯುತ್ತು ಹೊಗೆಯಿಲ್ಲದ್ದೆಂಬ ಮಾತನ್ನು ನಮ್ಮ ಜಿಲ್ಲೆಯವರು ಸ್ವಲ್ಪ ನಿಧಾನಿಸಿ ಒಪ್ಪಬೇಕು. ಬಸವನ ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ ಎನ್‌ಟಿಪಿಸಿಯ 2,400 ಮೆಗಾವ್ಯಾಟಿನ ಕಲ್ಲಿದ್ದಲ ಸ್ಥಾವರವಿದೆ. 2014ರ ಜುಲೈಯಲ್ಲಿ ಅದರ ವಿರುದ್ಧ ಪ್ರತಿಭಟಿಸಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದ್ದನ್ನು ಇಲ್ಲಿಯವರು ಮರೆತಿಲ್ಲ. ರಾಜ್ಯದ ವಿದ್ಯುತ್ತಿನಲ್ಲಿ ಗಾಳಿ, ಬಿಸಿಲು, ನೀರಿನ ಪಾಲು ದೊಡ್ಡದೆಂಬುದೂ, ವಿದ್ಯುತ್ ಮೋಟಾರು ಶಕ್ತಿಯನ್ನು ಕಡಿಮೆ ಪೋಲು ಮಾಡುತ್ತದೆಂಬುದೂ ನಿಜವೇ. ಆದರೆ ಬೆಂಗಳೂರಿನ ಕಾರು ನಿಶ್ಶಬ್ದವಾಗಿ ಓಡಲು ನೆಲ ಕೊಟ್ಟ ಜಿಲ್ಲೆಯಲ್ಲಿ ಬೆಳಕಿಲ್ಲದ ಪತ್ರಾಸ್ ಮನೆಗಳು ಇರಬಾರದೆಂದು ಕೇಳುವ ಹಕ್ಕು ನಮಗಿದೆ.

ಇವೆಲ್ಲ ಚುನಾಯಿತರು ಇರುವಾಗಲೂ ಸದ್ದಿಲ್ಲದೆ ನಡೆಯುತ್ತವೆ, ಇಲ್ಲದಿರುವಾಗ ಇನ್ನೂ ಸುಲಭವಾಗಿ. ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ 2024ರ ಆಗಸ್ಟ್‌ವರೆಗೆ ಹೊರಬೀಳದೆ ರಾಜ್ಯದ ಅನೇಕ ಪುರಸಭೆಗಳು ವರ್ಷಕ್ಕೂ ಮಿಕ್ಕಿ ಆಡಳಿತಾಧಿಕಾರಿಗಳ ಕೈಯಲ್ಲಿದ್ದವು. ಅಧಿಕಾರಿಯ ಸಹಿಗೆ ಓಣಿಯವರ ಪ್ರಶ್ನೆಯಿಲ್ಲ.

ಧರ್ಮಕೇಂದ್ರಗಳ ಪಾಲನಾ ಸಮಿತಿಗಳಿಗೆ ನನ್ನ ಸೂಚನೆ ಚಿಕ್ಕದು. ಕಾಗದಪತ್ರ ಓದಬಲ್ಲ ಇಬ್ಬರು ಯುವಕ ಯುವತಿಯರನ್ನು ಗೊತ್ತುಮಾಡಿ. ನಮ್ಮವರು ಮಾತ್ರವಲ್ಲ, ಓಣಿಯ ಎಲ್ಲ ಕುಟುಂಬಗಳ ಉತಾರ, ಪಹಣಿ, ತೆರಿಗೆ ರಸೀದಿಗಳ ಸ್ಥಿತಿಯನ್ನು ಒಂದು ವಹಿಯಲ್ಲಿ ಬರೆಸಿ. ಪುರಸಭೆಯ ಸ್ವಂತ ಜಾಗಗಳು ಯಾವ ಸರ್ವೆ ನಂಬರುಗಳಲ್ಲಿವೆ, ಯಾರಿಗೆ ಎಷ್ಟು ವರ್ಷದ ಗುತ್ತಿಗೆಗೆ ಹೋಗಿವೆ, ನಿವೇಶನಕ್ಕೆಂದು ಗುರುತಿಸಿದ ನೆಲದ ಸ್ವಾಧೀನ ಪೂರ್ಣವಾಗಿದೆಯೇ ಎಂಬುದನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿ. ಅರ್ಜಿಗೆ ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಉತ್ತರಕ್ಕೆ 30 ದಿನಗಳ ಗಡುವು. ಉತ್ತರ ಬಂದ ಮೇಲೆ ಅದನ್ನು ಓಣಿಯ ಸದಸ್ಯರ ಮುಂದಿಟ್ಟು, ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸುವಂತೆ ಬರವಣಿಗೆಯಲ್ಲಿಯೇ ಕೇಳಿಕೊಳ್ಳಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೇ ಹಿಂದಿರುಗಿ.