ಕೋವಿಯನ್ನು ಪರೀಕ್ಷಿಸುವವರು ಯಾರು?

ಸೆಪ್ಟೆಂಬರ್ ತಿಂಗಳ ಆರಂಭದಲ್ಲಿ ಕೊಡಗಿನ ಮನೆಗಳಲ್ಲಿ ಕೈಲ್‌ಪೊಳ್ದ್ ಹಬ್ಬ ನಡೆಯುತ್ತದೆ. ನಾಟಿಯ ಕೆಲಸ ಮುಗಿದು, ಮೂಲೆ ಸೇರಿದ್ದ ಕೋವಿ ಕತ್ತಿಗಳು ಹೊರಬಂದು, ಎಣ್ಣೆ ಕಂಡು, ನೆಲ್ಲಕ್ಕಿ ಬಾಡೆಯ ದೀಪದ ಮುಂದೆ ನಿಲ್ಲುವ ದಿನವದು. ಕೋವಿಯ ಬಾಯಿಗೆ ಅಂದು ತೋಕ್ ಪೂವನ್ನು ಸಿಕ್ಕಿಸುತ್ತಾರೆ. ಕನ್ನಡದಲ್ಲಿ ಅಗ್ನಿಶಿಖೆಯೆನ್ನುವ ಈ ಹೂವೇ ಇಲ್ಲಿಯವರ ಸೆಂಗಾಂದಳ್, ತಮಿಳುನಾಡಿನ ರಾಜ್ಯಪುಷ್ಪ. ಹೀಗಾಗಿ ಚೆನ್ನೈಯಲ್ಲಿ ನೆಲೆಸಿದ ಕೊಡವರಿಗೆ ಹೂವು ಇಲ್ಲಿಯೇ ದೊರೆಯುತ್ತದೆ, ಕೋವಿ ಮಾತ್ರ ಊರಿನಲ್ಲಿ ಉಳಿದಿರುತ್ತದೆ. ನಮ್ಮ ಸಂಘದ ಸದಸ್ಯರೊಬ್ಬರ ಮನೆಯಲ್ಲಿ ಅಜ್ಜನ ಭಾವಚಿತ್ರಕ್ಕೇ ಆ ಹೂವನ್ನು ಮುಡಿಸಿದ್ದರು. ಅಜ್ಜನ ಹೆಗಲ ಮೇಲೆ ಜೋಡುನಳಿಗೆಯ ಕೋವಿಯಿತ್ತು.

ಊಟವಾದ ಮೇಲೆ ಆ ಮನೆಯ ಮೊಮ್ಮಗ, ಇಂಜಿನಿಯರಿಂಗ್ ಓದುತ್ತಿರುವ ಹುಡುಗ, ತನ್ನ ಫೋನಿನಲ್ಲಿ ಅಮೆರಿಕದ ಅಂಗಡಿಗಳಲ್ಲಿ ಮಾರುವ ಸೈನಿಕ ಮಾದರಿಯ ರೈಫಲುಗಳನ್ನು ತೋರಿಸಿದನು. ಯಾವುದರ ನಳಿಗೆ ಉತ್ತಮ, ಯಾವುದು ನೂರು ಗಜದಲ್ಲಿ ಗುಂಡುಗಳನ್ನು ಒತ್ತಾಗಿ ಇಡುತ್ತದೆ, ಯಾವುದು ಕೆಸರಿನಲ್ಲಿ ಬಿದ್ದೆದ್ದರೂ ಸಿಡಿಯುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. "ನಾಳೆ ನಾನೊಂದು ಕೊಳ್ಳುವುದಾದರೆ ಯಾವುದನ್ನು ಕೊಳ್ಳಲಿ, ಅಂಕಲ್?" ಎಂದು ಕೇಳಿದನು. ಕಚೇರಿಯಲ್ಲಿ ಖರೀದಿಯ ಕಡತಗಳೊಡನೆಯೇ ವಯಸ್ಸು ಕಳೆದವನೆಂಬ ಕಾರಣಕ್ಕೆ ನನ್ನನ್ನು ಕೇಳಿರಬೇಕು.

ಅವನಿಗೆ ಕೊಟ್ಟ ಮೊದಲ ಉತ್ತರ ಕಾನೂನಿನದು. ನಮ್ಮ ದೇಶದಲ್ಲಿ ಅಂಥ ಆಯ್ಕೆಯೇ ನಾಗರಿಕನಿಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಸ್ವಯಂಚಾಲಿತ ಕೋವಿಗಳೂ ಸೈನ್ಯ ಬಳಸುವ ಅಳತೆಯ ಗುಂಡುಗಳೂ ನಿಷಿದ್ಧ ವರ್ಗಕ್ಕೆ ಸೇರಿವೆ. ಪರವಾನಗಿ ಪಡೆದ ರೈತನೋ ತೋಟದ ಮಾಲೀಕನೋ ಸಾಮಾನ್ಯವಾಗಿ ಕೊಳ್ಳುವುದು ಹನ್ನೆರಡು ಬೋರಿನ ಕೋವಿಯನ್ನು ಅಥವಾ .315 ರೈಫಲನ್ನು. ಈ .315ರ ಹಿಂದೆಯೂ ಒಂದು ಕಥೆಯಿದೆ. ಬ್ರಿಟಿಷರ ಸೈನ್ಯದ ಗುಂಡು .303 ಆಗಿತ್ತು. ಅದೇ ಗುಂಡು ಜನರ ಕೋವಿಗೂ ಹೊಂದಿದರೆ ಸೈನ್ಯದ ಉಗ್ರಾಣದಿಂದ ಕದ್ದದ್ದು ಎಲ್ಲಿಗೆ ಹೋದೀತೆಂಬ ಭಯದಿಂದ, ಪ್ರಜೆಗಳಿಗೆ ಬೇರೆಯೇ ಅಳತೆಯನ್ನು ಗೊತ್ತುಮಾಡಿದರು. ಸ್ವಾತಂತ್ರ್ಯ ಬಂದ ಮೇಲೂ ಇಶಾಪುರದ ಕಾರ್ಖಾನೆಯಲ್ಲಿ ಹಳೆಯ ಲೀ-ಎನ್‌ಫೀಲ್ಡ್ ಮಾದರಿಯ ಮೈಗೆ .315ರ ನಳಿಗೆಯನ್ನು ಜೋಡಿಸಿಯೇ ನಾಗರಿಕರ ರೈಫಲು ತಯಾರಾಯಿತು. ಭಯಪಟ್ಟ ದೊರೆ ಹೋದರೂ ಅವನ ಭಯದ ಅಳತೆ ಉಳಿದುಕೊಂಡಿತು.

ಕೊಡವರ ಸ್ಥಿತಿ ಬೇರೆಯೆಂದು ಹುಡುಗ ವಾದಿಸಿದನು. ನಿಜ. 1857ರ ದಂಗೆಯ ಬಳಿಕ ದೇಶವೆಲ್ಲ ನಿಶ್ಶಸ್ತ್ರವಾಗುತ್ತಿದ್ದಾಗ, 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗಿನವರಿಗೆ ವಿನಾಯಿತಿಯನ್ನಿತ್ತನು. 1963ರ ಅಧಿಸೂಚನೆ ಅದನ್ನು ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಮುಂದುವರಿಸಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಆದರೆ ಈ ವಿನಾಯಿತಿ ಕಾಯಿದೆಯ 3 ಮತ್ತು 4ನೆಯ ಕಲಮುಗಳಿಗೆ, ಎಂದರೆ ಪರವಾನಗಿಯ ಅಗತ್ಯಕ್ಕೆ ಮಾತ್ರ. ನಿಷಿದ್ಧ ಶಸ್ತ್ರಗಳನ್ನು ತಡೆಯುವ 7ನೆಯ ಕಲಮು ಕೊಡವನಿಗೂ ಅಷ್ಟೇ ಅಡ್ಡಿ. ಹೊರನಾಡಿನಲ್ಲಿರುವ ನಮ್ಮ ಸದಸ್ಯರು ಇನ್ನೊಂದನ್ನೂ ನೆನಪಿಡಬೇಕು. ಕೊಡಗಿನ ಹೊರಗೆ ವಾಸಿಸುವಾಗ ಅಥವಾ ಸಂಚರಿಸುವಾಗ ಇರಿಸಿಕೊಳ್ಳಬಹುದಾದದ್ದು 100 ಗುಂಡುಗಳೊಡನೆ ಒಂದು ರೈಫಲು ಮತ್ತು 500 ತೋಟಾಗಳೊಡನೆ ಒಂದು ನಯನಳಿಗೆಯ ಕೋವಿ ಎಂಬ ಮಿತಿಯನ್ನು ವಿನಾಯಿತಿಯ ಮಾತಿನಲ್ಲಿಯೇ ಹಾಕಲಾಗಿದೆ. ಚುನಾವಣೆಯ ಕಾಲದಲ್ಲಿ ಚೆನ್ನೈಯ ಬಾಡಿಗೆ ಮನೆಯಲ್ಲಿ ಕೋವಿಯಿಟ್ಟುಕೊಂಡು ಠಾಣೆಗೆ ವಿವರಿಸುವ ಕಷ್ಟ ಯಾರಿಗೂ ಬೇಡವೆಂದು ಹೆಚ್ಚಿನವರು ಅದನ್ನು ಐನ್‌ಮನೆಯಲ್ಲೇ ಬಿಟ್ಟಿದ್ದಾರೆ. ಗಂಡುಮಗು ಹುಟ್ಟಿದಾಗ ಒಂದು ಬೆಡಿ, ಸತ್ತಾಗ ಎರಡು ಬೆಡಿ ಎಂಬ ಪದ್ಧತಿಗೆ ಯಾವ ಅಮೆರಿಕದ ರೈಫಲಿನ ಅಗತ್ಯವೂ ಇಲ್ಲ.

ಹುಡುಗನ ಪ್ರಶ್ನೆ ಅಲ್ಲಿಗೆ ಮುಗಿಯಿತು, ನನ್ನದು ಮುಗಿಯಲಿಲ್ಲ. ಅಮೆರಿಕದ ಗಿರಾಕಿಯೊಬ್ಬ ತನ್ನ ಹವ್ಯಾಸಕ್ಕೆ ಕೊಳ್ಳುವ ಕೋವಿಯನ್ನು ಇಷ್ಟೊಂದು ಬಗೆಯಲ್ಲಿ ತೂಗಿ ನೋಡುತ್ತಾನೆ. ಸಿಯಾಚಿನ್ನಿನಲ್ಲಿ ಅದನ್ನೇ ಪ್ರಾಣವೆಂದು ಹಿಡಿದು ನಿಲ್ಲುವ ನಮ್ಮ ಸೈನಿಕನಿಗೆ ತೂಗಿ ನೋಡುವ ಅವಕಾಶವೇ ಇಲ್ಲ. ಕೊಟ್ಟದ್ದನ್ನು ಹಿಡಿಯಬೇಕು. ಕೊಳ್ಳುವವನೊಬ್ಬ, ಬಳಸುವವನೊಬ್ಬ. ಬೆಲೆ ಕೊಡುವವರು ನಾವೆಲ್ಲರೂ.

1962ರಲ್ಲಿ ನಮ್ಮವರು ಹಿಮಾಲಯದಲ್ಲಿ ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಿಂದ ಎಳೆದು ಹಾರಿಸುವ .303ನ್ನು ಹಿಡಿದು ಕಾದಾಡಿದರು. ಆ ಸೋಲಿನ ಬಳಿಕ ಇಶಾಪುರದಲ್ಲಿ 7.62 ಮಿ.ಮೀ.ಯ ಸ್ವಯಂಭರ್ತಿ ರೈಫಲು ತಯಾರಾಗಿ ಮೂರು ದಶಕ ದುಡಿಯಿತು. ಭಾರವಾದರೂ ನಂಬಿಕೆಯದು ಎಂದು ಹಳೆಯ ಸೈನಿಕರು ಇಂದಿಗೂ ಹೊಗಳುತ್ತಾರೆ. ಗುಂಡು ಹಗುರವಾದರೆ ಸೈನಿಕ ಹೆಚ್ಚು ಹೊತ್ತುಕೊಂಡು ಹೋಗಬಹುದೆಂಬ ಜಗತ್ತಿನ ಹೊಸ ಲೆಕ್ಕದಂತೆ ಪುಣೆಯ ಶಸ್ತ್ರಾಸ್ತ್ರ ಸಂಶೋಧನಾಲಯ 5.56 ಮಿ.ಮೀ.ಯ ಇನ್ಸಾಸನ್ನು ರೂಪಿಸಿತು. ಇಶಾಪುರದೊಡನೆ ನಮ್ಮ ನೆರೆಯ ತಿರುಚಿರಾಪಳ್ಳಿಯ ಕಾರ್ಖಾನೆಯೂ ಅದನ್ನು ತಯಾರಿಸಿತು. ಅದು ಸಿದ್ಧವಾಗಲು ತಡವಾದ್ದರಿಂದ 1990ರ ದಶಕದ ಆರಂಭದಲ್ಲಿ ಎಕೆ ಮಾದರಿಯ ರೈಫಲುಗಳನ್ನು ಹೊರದೇಶಗಳಿಂದ ತರಿಸಬೇಕಾಯಿತು. 1999ರ ಕಾರ್ಗಿಲ್ ಯುದ್ಧದಲ್ಲಿ ಇನ್ಸಾಸಿನ ಪ್ಲಾಸ್ಟಿಕ್ ಮ್ಯಾಗಜಿನ್ನು ಚಳಿಗೆ ಬಿರುಕು ಬಿಟ್ಟಿತೆಂದೂ, ಗುಂಡು ಸಿಕ್ಕಿಕೊಂಡಿತೆಂದೂ, ಹಾರಿಸುವವನ ಕಣ್ಣಿಗೆ ಎಣ್ಣೆ ಸಿಡಿಯಿತೆಂದೂ ದೂರುಗಳು ಬಂದವು. 2005ರಲ್ಲಿ ನೇಪಾಳದ ಕಾಲಿಕೋಟ್ ಜಿಲ್ಲೆಯಲ್ಲಿ ಮಾವೋವಾದಿಗಳ ದಾಳಿಗೆ ನಲವತ್ತಕ್ಕೂ ಹೆಚ್ಚು ಸೈನಿಕರು ಬಲಿಯಾದಾಗ, ನೇಪಾಳದ ಸೈನ್ಯ ಕೈಕೊಟ್ಟದ್ದು ಇನ್ಸಾಸೆಂದಿತು. ಬಳಕೆ ಸರಿಯಿರಲಿಲ್ಲವೆಂದು ಭಾರತ ಉತ್ತರಿಸಿತು.

ಈ ಕೊನೆಯ ಜಗಳ ಹೊಸದಲ್ಲ. ವಿಯೆಟ್ನಾಮಿನ ಕಾಡಿನಲ್ಲಿ ಅಮೆರಿಕದ ಎಂ-16 ಸಿಕ್ಕಿಕೊಂಡಾಗಲೂ ಮೊದಲ ಆರೋಪ ಬಿದ್ದದ್ದು ಸೈನಿಕನ ಮೇಲೆಯೇ, ಅವನು ಕೋವಿಯನ್ನು ಚೊಕ್ಕಟವಾಗಿಡುವುದಿಲ್ಲವೆಂದು. 1967ರಲ್ಲಿ ಅಲ್ಲಿಯ ಸಂಸತ್ತಿನ ಉಪಸಮಿತಿ ವಿಚಾರಿಸಿದಾಗ ತಿಳಿದದ್ದೇ ಬೇರೆ. ಕೋವಿಯನ್ನು ಪರೀಕ್ಷಿಸಿದ್ದು ಒಂದು ಬಗೆಯ ಮದ್ದಿನಿಂದ, ರಣರಂಗಕ್ಕೆ ಕಳುಹಿಸಿದ್ದು ಇನ್ನೊಂದು ಬಗೆಯ ಮದ್ದನ್ನು. ನಳಿಗೆಯ ಗೂಡಿಗೆ ಕ್ರೋಮಿಯಂ ಲೇಪವಿರಲಿಲ್ಲ, ಚೊಕ್ಕಟ ಮಾಡುವ ಸಾಧನಗಳು ಸಾಕಷ್ಟಿರಲಿಲ್ಲ. ತಪ್ಪು ಕಚೇರಿಯದು, ಶವ ಹಳ್ಳಿಯ ಹುಡುಗನದು. ಆದರೂ ಆ ದೇಶದಲ್ಲಿ ಸೈನಿಕರ ಪತ್ರಗಳು ಸಂಸತ್ತನ್ನು ಮುಟ್ಟಿದವು, ವರದಿ ಅಚ್ಚಾಯಿತು, ಕೋವಿ ತಿದ್ದುಪಡಿಯಾಯಿತು ಎಂಬುದನ್ನು ಗಮನಿಸಬೇಕು.

ನಮ್ಮಲ್ಲಿ ಮುಂದೆ ನಡೆದದ್ದೇನು? 2011ರಲ್ಲಿ ನಳಿಗೆಯನ್ನು ಬದಲಿಸಿದರೆ 5.56 ಹಾಗೂ 7.62 ಎರಡನ್ನೂ ಹಾರಿಸುವ ರೈಫಲಿಗೆ ಟೆಂಡರು ಕರೆದರು. ಅಡಿಗೆಯ ಒಲೆಯೇ ಹೊಲಿಗೆಯ ಯಂತ್ರವೂ ಆಗಲಿ ಎಂಬಂತಹ ಬೇಡಿಕೆಯಿದು. ನಾಲ್ಕು ವರ್ಷಗಳ ಬಳಿಕ 2015ರಲ್ಲಿ ಅದು ರದ್ದಾಯಿತು. 2017ರಲ್ಲಿ ಇಶಾಪುರದ ಹೊಸ 7.62 ರೈಫಲನ್ನು ಸೈನ್ಯ ಪರೀಕ್ಷೆಯಲ್ಲಿ ತಿರಸ್ಕರಿಸಿತು. 2019ರಲ್ಲಿ ಅವಸರದಿಂದ 72,400 ಸಿಗ್-716 ರೈಫಲುಗಳನ್ನು ಅಮೆರಿಕದಿಂದ ತರಿಸಲಾಯಿತು. 2024ರಲ್ಲಿ ಮತ್ತೆ 73,000. ಅಮೇಠಿಯ ಕೊರ್ವಾದಲ್ಲಿ ರಷ್ಯದ ಸಹಯೋಗದ ಎಕೆ-203 ಕಾರ್ಖಾನೆ 2019ರ ಮಾರ್ಚಿನಲ್ಲಿ ಉದ್ಘಾಟನೆಯಾದರೂ, 6,01,427 ರೈಫಲುಗಳ ಒಪ್ಪಂದಕ್ಕೆ ಸಹಿ ಬಿದ್ದದ್ದು 2021ರ ಡಿಸೆಂಬರಿನಲ್ಲಿ. ಮೊದಲ 35,000 ಸೈನ್ಯದ ಕೈಸೇರಿದ ಸುದ್ದಿ ಬಂದದ್ದು 2024ರ ಜುಲೈಯಲ್ಲಿ. ಇನ್ನೊಂದೆಡೆ ತಿರುಚಿರಾಪಳ್ಳಿಯವರು ತಮ್ಮದೇ 'ತಿರುಚ್ಚಿ' ರೈಫಲನ್ನು ಮಾಡಿದ್ದಾರೆ. ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್ ಎಂಬ ಖಾಸಗಿ ಸಂಸ್ಥೆ ತನ್ನದನ್ನು ರೂಪಿಸಿದೆ. ಕನ್ನಡಿಗನಾದ ನನಗೆ ಇದರಿಂದ ಹೆಮ್ಮೆಯಾಗುವುದು ಸಹಜ. ಆದರೆ ಹೆಮ್ಮೆಯೊಂದೇ ಕೋವಿಯ ಗುಣಕ್ಕೆ ಪ್ರಮಾಣಪತ್ರವಲ್ಲ.

ಸ್ವದೇಶಿಯೆಂದು ಕೂಗುವವರೂ ವಿದೇಶಿಯೇ ಶ್ರೇಷ್ಠವೆನ್ನುವವರೂ ಇಲ್ಲಿ ಒಂದೇ ತಪ್ಪನ್ನು ಮಾಡುತ್ತಿದ್ದಾರೆಂದು ನನ್ನ ಅಭಿಪ್ರಾಯ. ಇಬ್ಬರೂ ನೋಡುವುದು ಕೋವಿಯ ಮೇಲಿನ ಮುದ್ರೆಯನ್ನು. ನೋಡಬೇಕಾದದ್ದು ಸಾವಿರ ಗುಂಡು ಹಾರಿಸಿದಾಗ ಎಷ್ಟು ಬಾರಿ ನಿಂತಿತು, ಥಾರಿನ ಧೂಳಿನಲ್ಲಿ ಏನಾಯಿತು, ಹಿಮದಲ್ಲಿ ಕೈಗವಸು ತೊಟ್ಟ ಬೆರಳಿಗೆ ಕುದುರೆ ಸಿಕ್ಕಿತೇ, ನಮ್ಮ ಕಾರ್ಖಾನೆಯ ಗುಂಡಿಗೂ ಅದು ಹೊಂದಿತೇ, ಹತ್ತು ವರ್ಷಗಳ ಮೇಲೆ ಬಿಡಿಭಾಗ ದೊರೆತೀತೇ ಎಂಬುದನ್ನು.

ಒಂದು ಹಳೆಯ ಸಂಗತಿಯನ್ನು ಹೇಳುತ್ತೇನೆ. ನಾನು ಹಿಂದೆ ಇದ್ದ ಕಚೇರಿಯೊಂದರಲ್ಲಿ, ಹೆಸರು ಬೇಡ, ರಾತ್ರಿಯ ಕಾವಲುಗಾರರಿಗೆ ಟಾರ್ಚುಗಳನ್ನು ಕೊಂಡೆವು. ತುಲನಾ ಪಟ್ಟಿಯನ್ನು ಸಿದ್ಧಪಡಿಸಿದವನು ನಾನೇ. ಬೆಲೆಗೊಂದು ಅಂಕಣ, ಖಾತರಿಯ ಅವಧಿಗೊಂದು, ಪೂರೈಕೆಯ ದಿನಕ್ಕೊಂದು. ಮಾದರಿಯನ್ನು ಕೈಗೆತ್ತಿಕೊಂಡ ವೃದ್ಧ ಕಾವಲುಗಾರನೊಬ್ಬ ತಿರುಗಿಸಿ ನೋಡಿ, "ಇದರ ಮುಚ್ಚಳ ಬಿಗಿಯಿಲ್ಲ ಸಾರ್, ನೀರು ಹೋಗುತ್ತದೆ" ಎಂದು ತಮಿಳಿನಲ್ಲಿ ಹೇಳಿದನು. ಆ ಮಾತನ್ನು ಬರೆಯಲು ನನ್ನ ಪಟ್ಟಿಯಲ್ಲಿ ಅಂಕಣವಿರಲಿಲ್ಲ. ಅತಿ ಕಡಿಮೆ ಬೆಲೆಯದನ್ನೇ ಕೊಂಡೆವು. ಐಪ್ಪಸಿಯ ಮೊದಲ ಮಳೆಗೆ ಅರ್ಧದಷ್ಟು ಆರಿಹೋದವು. ಲೆಕ್ಕಪರಿಶೋಧಕರು ಆ ಕಡತದಲ್ಲಿ ಒಂದೂ ಆಕ್ಷೇಪ ಬರೆಯಲಿಲ್ಲ, ಏಕೆಂದರೆ ನಿಯಮದ ಪ್ರಕಾರ ಎಲ್ಲವೂ ಸರಿಯಿತ್ತು. ಟಾರ್ಚು ಆರಿದರೆ ಕಾವಲುಗಾರ ಎಡವಿ ಬೀಳುತ್ತಾನೆ. ಕೋವಿ ನಿಂತರೆ ಆಗುವುದು ಬೇರೆ.

ಸೈನ್ಯ ಪರೀಕ್ಷೆ ನಡೆಸುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ತಿರಸ್ಕರಿಸಿದ ಉದಾಹರಣೆಯನ್ನು ಮೇಲೆಯೇ ಕೊಟ್ಟಿದ್ದೇನೆ. ನನ್ನ ಬೇಡಿಕೆ ಎರಡೇ. ಬೇಡಿಕೆಯ ಪಟ್ಟಿಯನ್ನು ಬರೆಯುವ ಹಂತದಲ್ಲಿಯೇ ಹವಾಲ್ದಾರನೊಬ್ಬನನ್ನು ಮೇಜಿನ ಬಳಿ ಕೂರಿಸಲಿ. ಹಾಗೆ ಮಾಡಿದ್ದರೆ ಎರಡು ನಳಿಗೆಯ ಕನಸಿಗಾಗಿ ನಾಲ್ಕು ವರ್ಷ ವ್ಯರ್ಥವಾಗುತ್ತಿರಲಿಲ್ಲವೆಂದೇ ನನ್ನ ಊಹೆ. ಆಯ್ಕೆ ಮುಗಿದ ಮೇಲೆ, ಶತ್ರುವಿಗೆ ಉಪಯೋಗವಾಗುವ ಅಂಶಗಳನ್ನು ಬಿಟ್ಟು, ಪರೀಕ್ಷೆಯ ಫಲಿತಾಂಶವನ್ನು ಸಂಸತ್ತಿನ ಮುಂದಿಡಲಿ. ರೈಫಲಿನ ಮ್ಯಾಗಜಿನ್ನು ಚಳಿಗೆ ಬಿರಿಯುತ್ತದೆಯೆಂಬುದು ರಹಸ್ಯವಲ್ಲ. ಬಿರಿದ ದಿನ ಶತ್ರುವಿಗೆ ಅದು ಮೊದಲು ತಿಳಿಯುತ್ತದೆ.

ಹೊರನಾಡ ಕನ್ನಡಿಗರಾದ ನಮಗೆ ಇದರ ಉಸಾಬರಿ ಏಕೆಂದು ಕೇಳುವವರಿದ್ದಾರೆ. ಪರಂಗಿಮಲೆಯ ಅಧಿಕಾರಿಗಳ ತರಬೇತಿ ಅಕಾಡೆಮಿಯ ಪಥಸಂಚಲನದ ದಿನ ಕೊಡಗಿನಿಂದಲೋ ಧಾರವಾಡದಿಂದಲೋ ಬಂದು, ಉಳಿಯಲು ಸ್ಥಳ ಹುಡುಕುವ ತಂದೆತಾಯಿಗಳನ್ನು ನಮ್ಮ ಸದಸ್ಯರು ಕಂಡಿದ್ದಾರೆ, ಊಟಕ್ಕೆ ಕರೆದಿದ್ದಾರೆ. ಕಾರಿಯಪ್ಪ, ತಿಮ್ಮಯ್ಯನವರ ಹೆಸರು ಹೇಳಿ ರಾಜ್ಯೋತ್ಸವದಲ್ಲಿ ಚಪ್ಪಾಳೆ ತಟ್ಟುವವರು ಆ ಮಕ್ಕಳ ಕೈಗೆ ಏನನ್ನು ಕೊಡುತ್ತಾರೆಂದು ಕೇಳಲೂಬಹುದು.

ಸೈನ್ಯದಲ್ಲಿ ದುಡಿದು ನಿವೃತ್ತರಾಗಿ ಆವಡಿ, ತಾಂಬರಂ ಕಡೆಗಳಲ್ಲಿ ನೆಲೆಸಿರುವ ಸದಸ್ಯರು ತಾವು ಹಿಡಿದ ಕೋವಿಗಳ ಗುಣದೋಷಗಳನ್ನು ಮುಂದಿನ ಸಂಚಿಕೆಗೆ ಬರೆದು ಕಳುಹಿಸಬೇಕೆಂದು ವಿನಂತಿಸುತ್ತೇನೆ. ಕೈಬರಹವಾದರೂ ಅಡ್ಡಿಯಿಲ್ಲ, ಹಾಳೆಯ ಒಂದೇ ಮಗ್ಗುಲಿಗೆ ಬರೆಯಿರಿ. ಆ ಹುಡುಗನಿಗೂ ಒಂದು ಪ್ರತಿಯನ್ನು ಕೊಡುವುದಾಗಿ ಹೇಳಿದ್ದೇನೆ.